ಉತ್ತರವಿಲ್ಲದ ಪತ್ರಗಳು: ಇಕ್ಬಾಲ್ ಜಿನ್ನಾಗೆ ಬರೆದದ್ದೇನು?

 

ಇಬ್ಬರ ನಡುವಿನ ಚಾಟ್ ಒಂದು ನಿಮ್ಮ ಕೈಗೆ ಸಿಕ್ಕಿದೆ ಅಂತ ಇಟ್ಕೊಳ್ಳಿ. ಅದರಲ್ಲಿ ಒಬ್ಬರ ಮೆಸೇಜ್‌ಗಳು ಮಾತ್ರ ಇವೆ, ಇನ್ನೊಬ್ಬರ ಉತ್ತರ ಒಂದೂ ಇಲ್ಲ. ಉತ್ತರ ಕೊಡಬೇಕಾಗಿದ್ದವರೇ ಕೆಲವು ವರ್ಷ ಬಿಟ್ಟು ಆ ಮೆಸೇಜ್‌ಗಳನ್ನು ಪುಸ್ತಕ ಮಾಡಿ, ನಮ್ಮಿಬ್ಬರ ಅಭಿಪ್ರಾಯ ಹೆಚ್ಚುಕಮ್ಮಿ ಒಂದೇ ಆಗಿತ್ತು ಅಂತ ಮುನ್ನುಡಿಯನ್ನೂ ಬರೆದರು. ಮೆಸೇಜ್ ಕಳಿಸಿದವರು ಅಷ್ಟೊತ್ತಿಗೆ ತೀರಿಕೊಂಡಿದ್ದರು. ಈಗ ನೀವು ಆ ಚಾಟನ್ನು ಎಷ್ಟರಮಟ್ಟಿಗೆ ನಂಬ್ತೀರಿ?

ಇಂಥದ್ದೊಂದು ಪತ್ರಗುಚ್ಛ ನಿಜವಾಗಿಯೂ ಇದೆ. 1936ರ ಮೇ ತಿಂಗಳಿಂದ 1937ರ ನವೆಂಬರ್‌ವರೆಗೆ ಕವಿ ಮೊಹಮ್ಮದ್ ಇಕ್ಬಾಲ್ ಲಾಹೋರಿನಿಂದ ಮೊಹಮ್ಮದ್ ಅಲಿ ಜಿನ್ನಾಗೆ ಬರೆದ ಡಜನ್ ಚಿಲ್ಲರೆ ಪತ್ರಗಳು. ಎಲ್ಲವೂ ಇಂಗ್ಲಿಷಿನಲ್ಲಿವೆ. ಎಷ್ಟೋ ಪತ್ರಗಳು ಖಾಸಗಿ, ಗೋಪ್ಯ ಅನ್ನುವ ಭಾವದಲ್ಲೇ ಬರೆದಂಥವು.

ಇವತ್ತು ಪಾಕಿಸ್ತಾನದಲ್ಲಿ ಇವನ್ನು ದೇಶದ ಜಾತಕ ಅನ್ನುವ ಹಾಗೆ ಓದ್ತಾರೆ. ನಮ್ಮಲ್ಲಿ ಇದೇ ಪತ್ರಗಳ ಒಂದೊಂದು ಸಾಲು ಕತ್ತರಿಸಿ, ‘ನೋಡಿ, ಸಾರೇ ಜಹಾಂ ಸೇ ಅಚ್ಛಾ ಬರೆದ ಮನುಷ್ಯ ಆಮೇಲೆ ಏನು ಬರೆದ’ ಅಂತ ಫಾರ್ವರ್ಡ್ ಮಾಡ್ತಾರೆ. ಎರಡೂ ಕಡೆಯವರಿಗೆ ಒಂದು ಸಾಲು ಸಾಕು. ನನಗೆ ಮಾತ್ರ ಇವನ್ನು ಸಾಲಾಗಿ, ತಾರೀಕಿನ ಪ್ರಕಾರ ಓದಿದಾಗ ಕಂಡದ್ದು ಬೇರೆಯೇ ಕಥೆ.

ಒಂದು ಕಾಲದ ಎದುರಾಳಿಗಳು

ಮೊದಲು ಇವರಿಬ್ಬರ ಸಂಬಂಧ ಎಂಥದ್ದು ಅಂತ ನೋಡೋಣ. ಇಬ್ಬರೂ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಓದಿದ ಬ್ಯಾರಿಸ್ಟರ್‌ಗಳು. ವಯಸ್ಸಿನಲ್ಲಿ ಹೆಚ್ಚು ಅಂತರ ಇಲ್ಲ. ಜಿನ್ನಾ ಹುಟ್ಟಿದ್ದು 1876ರಲ್ಲಿ, ಇಕ್ಬಾಲ್ 1877ರಲ್ಲಿ. ಹಾಗಂತ ಇವರು ಹಳೇ ದೋಸ್ತಿಗಳೇನಲ್ಲ. 1927ರಲ್ಲಿ ಸೈಮನ್ ಆಯೋಗದ ವಿಷಯಕ್ಕೆ ಮುಸ್ಲಿಂ ಲೀಗ್ ಎರಡು ಹೋಳಾಯಿತು. ಆಯೋಗವನ್ನು ಬಹಿಷ್ಕರಿಸಬೇಕು ಅಂದ ಬಣಕ್ಕೆ ಜಿನ್ನಾ ನಾಯಕರು. ಸಹಕರಿಸೋಣ ಅಂದ ಮೊಹಮ್ಮದ್ ಶಫಿ ಬಣಕ್ಕೆ ಇಕ್ಬಾಲ್ ಕಾರ್ಯದರ್ಶಿ.

ಮುಸ್ಲಿಂ ಸ್ಥಾನಗಳಿಗೆ ಮುಸ್ಲಿಮರು ಮಾತ್ರ ವೋಟು ಹಾಕುವ ‘ಪ್ರತ್ಯೇಕ ಮತಕ್ಷೇತ್ರ’ದ ವಿಷಯದಲ್ಲೂ ಇಬ್ಬರಿಗೂ ಜಗಳ ಇತ್ತು. ಕೆಲವು ಷರತ್ತುಗಳಿಗೆ ಕಾಂಗ್ರೆಸ್ ಒಪ್ಪಿದರೆ ಅದನ್ನು ಬಿಟ್ಟುಕೊಡಲು ಜಿನ್ನಾ ಆಗ ತಯಾರಿದ್ದರು. ಇಕ್ಬಾಲ್ ಬಿಲ್‌ಕುಲ್ ತಯಾರಿರಲಿಲ್ಲ.

1930ರ ಡಿಸೆಂಬರ್ 29ರಂದು ಅಲಹಾಬಾದಿನ ಲೀಗ್ ಅಧಿವೇಶನದಲ್ಲಿ ಇಕ್ಬಾಲ್ ಅಧ್ಯಕ್ಷ ಭಾಷಣ ಮಾಡಿದರು. ಪಂಜಾಬ್, ವಾಯವ್ಯ ಗಡಿ ಪ್ರಾಂತ್ಯ, ಸಿಂಧ್, ಬಲೂಚಿಸ್ತಾನ ಸೇರಿ ಒಂದೇ ರಾಜ್ಯವಾಗಬೇಕು ಅಂದದ್ದು ಅಲ್ಲೇ. ಆಗ ಜಿನ್ನಾ ದುಂಡು ಮೇಜಿನ ಪರಿಷತ್ತಿಗೆ ಅಂತ ಲಂಡನ್ನಿನಲ್ಲಿದ್ದರು. ಆಮೇಲೆ ಭಾರತದ ರಾಜಕೀಯವೇ ಬೇಡ ಅನ್ನಿಸಿ ಕೆಲವು ವರ್ಷ ಅಲ್ಲೇ ವಕೀಲಿ ಮಾಡಿಕೊಂಡು ಉಳಿದರು.

ಇಕ್ಬಾಲ್ ಹೇಳಿದ ಆ ‘ರಾಜ್ಯ’ ಅಂದರೆ ಏನು? ಇದಕ್ಕೆ ಅವರೇ ಕೊಟ್ಟ ಒಂದು ಉತ್ತರ ಇದೆ, ಇನ್ನೊಂದು ಪತ್ರದಲ್ಲಿ. 1934ರ ಮಾರ್ಚ್ 4ರಂದು ಅವರು ಇಂಗ್ಲಿಷ್ ಲೇಖಕ ಎಡ್ವರ್ಡ್ ಥಾಂಪ್ಸನ್‌ಗೆ ಬರೀತಾರೆ: ಪಾಕಿಸ್ತಾನ ನನ್ನ ಯೋಜನೆ ಅಲ್ಲ, ನಾನು ಕೇಳಿದ್ದು ವಾಯವ್ಯದಲ್ಲಿ ಮುಸ್ಲಿಂ ಬಹುಸಂಖ್ಯೆಯ ಒಂದು ಪ್ರಾಂತ್ಯ, ಅದು ಭಾರತದ ಒಕ್ಕೂಟದ ಒಳಗೇ ಇರುತ್ತದೆ ಅಂತ. ‘ಪಾಕಿಸ್ತಾನ’ ಅನ್ನುವ ಹೆಸರನ್ನು 1933ರಲ್ಲಿ ಹರಿಬಿಟ್ಟವರು ಕೇಂಬ್ರಿಜ್‌ನಲ್ಲಿದ್ದ ಚೌಧರಿ ರಹಮತ್ ಅಲಿ. ತನ್ನನ್ನು ಅದರ ಜೊತೆ ತಳಕು ಹಾಕಬೇಡಿ ಅನ್ನುವುದು ಇಕ್ಬಾಲ್ ಮಾತಿನ ಅರ್ಥ.

ಈ 1934ರ ತಾರೀಕನ್ನು ನೆನಪಿಟ್ಟುಕೊಳ್ಳಿ. ಮೂರೇ ವರ್ಷದಲ್ಲಿ ಅವರ ಮಾತು ಬದಲಾಗುತ್ತೆ.

ಸೋಲಿನ ವರ್ಷ

1935ರ ಭಾರತ ಸರ್ಕಾರದ ಕಾಯ್ದೆ ಬಂದ ಮೇಲೆ ಪ್ರಾಂತ್ಯಗಳಲ್ಲಿ ಚುನಾವಣೆ ಘೋಷಣೆಯಾಯಿತು. ಜಿನ್ನಾ ಅಷ್ಟರಲ್ಲಿ ವಾಪಸ್ ಬಂದು ಲೀಗನ್ನು ಕಟ್ಟುತ್ತಿದ್ದರು. 1936ರಲ್ಲಿ ಕೇಂದ್ರ ಸಂಸದೀಯ ಮಂಡಳಿ ಮಾಡಿ, ಪಂಜಾಬಿನಲ್ಲಿ ಇಕ್ಬಾಲ್ ಸಹಾಯ ಕೇಳಿದರು. ಪತ್ರಗಳು ಶುರುವಾಗುವುದೇ ಇಲ್ಲಿಂದ. ಮೊದಲ ಪತ್ರಗಳಲ್ಲಿ ದೊಡ್ಡ ದರ್ಶನ ಏನೂ ಇಲ್ಲ. ಯಾರು ನಮ್ಮ ಕಡೆ ಬರ್ತಾರೆ, ಯಾವ ಪಕ್ಷದ ಜೊತೆ ಹೊಂದಾಣಿಕೆ ಆಗುತ್ತೆ, ಇಂಥ ಲೆಕ್ಕಾಚಾರಗಳೇ. ಯಾವುದೇ ಜಿಲ್ಲಾ ಘಟಕದಿಂದ ಹೈಕಮಾಂಡಿಗೆ ಹೋಗುವ ಪತ್ರದ ಥರ.

ಪಂಜಾಬಿನಲ್ಲಿ ಆಗ ಲೀಗಿಗೆ ನೆಲೆಯೇ ಇರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಯೂನಿಯನಿಸ್ಟ್ ಪಕ್ಷದ ಆಟ. ಮುಸ್ಲಿಂ, ಹಿಂದೂ, ಸಿಖ್ ಜಮೀನ್ದಾರರು ಒಟ್ಟಾಗಿ ಕಟ್ಟಿದ ಪಕ್ಷ ಅದು. ಸಿಕಂದರ್ ಹಯಾತ್ ಖಾನ್, ಛೋಟು ರಾಮ್ ಅಲ್ಲಿನ ದೊಡ್ಡ ಹೆಸರುಗಳು. 1937ರ ಫೆಬ್ರವರಿ ಹೊತ್ತಿಗೆ ಫಲಿತಾಂಶ ಬಂತು. 175 ಸ್ಥಾನಗಳ ಪಂಜಾಬ್ ವಿಧಾನಸಭೆಯಲ್ಲಿ ಲೀಗಿಗೆ ಸಿಕ್ಕಿದ್ದು 2. ಗೆದ್ದ ಆ ಇಬ್ಬರಲ್ಲಿ ಒಬ್ಬರು ಬೇಗನೆ ಯೂನಿಯನಿಸ್ಟರ ಜೊತೆ ಹೋದರು. ವಾಯವ್ಯ ಗಡಿ ಪ್ರಾಂತ್ಯದಲ್ಲಿ ಸೊನ್ನೆ. ದೇಶದ ಲೆಕ್ಕ ತೆಗೆದರೆ ಸುಮಾರು 480 ಮುಸ್ಲಿಂ ಮೀಸಲು ಸ್ಥಾನಗಳಲ್ಲಿ ಲೀಗ್ ಗೆದ್ದದ್ದು 110ರ ಆಸುಪಾಸು.

ಇನ್ನೊಂದು ವಿಚಿತ್ರ ನೋಡಿ. ಲೀಗ್ ಸ್ವಲ್ಪ ಮಾನ ಉಳಿಸಿಕೊಂಡದ್ದು ಹೆಚ್ಚಾಗಿ ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದ ಕಡೆ. ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇವತ್ತಿನ ಯುಪಿಯಲ್ಲಿ, ಮುಸ್ಲಿಂ ಸ್ಥಾನಗಳಲ್ಲಿ ಅರ್ಧಕ್ಕೆ ಹತ್ತಿರ ಬಂತು. ಬಾಂಬೆ ಪ್ರಾಂತ್ಯದಲ್ಲಿ ಸುಮಾರು 30 ಮುಸ್ಲಿಂ ಸ್ಥಾನಗಳ ಪೈಕಿ 20 ಗೆದ್ದಿತು. ಮುಂದೆ ಪಶ್ಚಿಮ ಪಾಕಿಸ್ತಾನವಾದ ಜಾಗಗಳಲ್ಲಿ ಲೀಗನ್ನು ಕೇಳುವವರೇ ಇರಲಿಲ್ಲ, ಭಾರತದಲ್ಲೇ ಉಳಿದ ಜಾಗಗಳಲ್ಲಿ ಅದಕ್ಕೆ ವೋಟು ಬಿತ್ತು. ಮುಂದಿನ ಪತ್ರಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ರೊಟ್ಟಿಯ ಪ್ರಶ್ನೆ

1937ರ ಮೇ 28ರ ಪತ್ರ ಇಡೀ ಗುಚ್ಛದಲ್ಲಿ ತುಂಬಾ ಮುಖ್ಯವಾದದ್ದು. ಸೋತ ಪಕ್ಷದ ನಾಯಕನಿಗೆ ಇಕ್ಬಾಲ್ ನೇರವಾಗಿ ಕೇಳ್ತಾರೆ: ಲೀಗ್ ಮೇಲ್ವರ್ಗದ ಮುಸ್ಲಿಮರ ಸಂಸ್ಥೆಯಾಗಿ ಉಳಿಯುತ್ತೋ, ಸಾಮಾನ್ಯ ಮುಸ್ಲಿಮರ ಸಂಸ್ಥೆ ಆಗುತ್ತೋ? ಆ ಸಾಮಾನ್ಯ ಜನ ಈವರೆಗೆ ಲೀಗಿನತ್ತ ತಿರುಗಿ ನೋಡದೇ ಇರೋದಕ್ಕೆ ಸರಿಯಾದ ಕಾರಣ ಇದೆ ಅಂತಲೂ ಸೇರಿಸ್ತಾರೆ. ತನ್ನ ಪಕ್ಷದ ಬಗ್ಗೆ, ಪಕ್ಷದ ಅಧ್ಯಕ್ಷರಿಗೇ ಹೀಗೆ ಬರೆಯೋಕೆ ಧೈರ್ಯ ಬೇಕು.

ಆಮೇಲೆ ರೊಟ್ಟಿಯ ವಿಷಯಕ್ಕೆ ಬರ್ತಾರೆ. ಹೊಟ್ಟೆಪಾಡು ದಿನೇದಿನೇ ಕಷ್ಟ ಆಗ್ತಿದೆ, ಇನ್ನೂರು ವರ್ಷದಿಂದ ತಾನು ಕೆಳಗೆ ಜಾರುತ್ತಲೇ ಇದ್ದೇನೆ ಅಂತ ಮುಸ್ಲಿಮನಿಗೆ ಅನ್ನಿಸ್ತಿದೆ ಅಂತಾರೆ. ತನ್ನ ಬಡತನಕ್ಕೆ ಹಿಂದೂ ಲೇವಾದೇವಿಗಾರನೇ ಕಾರಣ ಅಂತ ಅವನು ನಂಬಿದ್ದಾನೆ, ಬ್ರಿಟಿಷ್ ಆಡಳಿತದ ಪಾಲೂ ಇದೆ ಅನ್ನೋದು ಅವನಿಗಿನ್ನೂ ಪೂರ್ತಿ ಅರ್ಥವಾಗಿಲ್ಲ ಅಂತ ಬರೀತಾರೆ. ನೆಹರೂ ಅವರ ಸಮಾಜವಾದದಲ್ಲಿ ದೇವರಿಗೆ ಜಾಗ ಇಲ್ಲ, ಹಾಗಾಗಿ ಅದು ಮುಸ್ಲಿಮರಿಗೆ ಹಿಡಿಸೋಲ್ಲ. ಹಾಗಾದರೆ ಬಡತನಕ್ಕೆ ಪರಿಹಾರ ಏನು?

ಇಕ್ಬಾಲ್ ಕೊಡುವ ಉತ್ತರ ಇಸ್ಲಾಮಿನ ಕಾನೂನು. ಅದನ್ನು ಇವತ್ತಿನ ಕಾಲಕ್ಕೆ ಹೊಂದಿಸಿ ಜಾರಿ ಮಾಡಿದರೆ ಪ್ರತಿಯೊಬ್ಬನಿಗೂ ಕನಿಷ್ಠ ಬದುಕುವ ಹಕ್ಕಾದರೂ ಸಿಗುತ್ತೆ ಅಂತ ಅವರ ನಂಬಿಕೆ. ಆದರೆ ಹಾಗೆ ಜಾರಿ ಮಾಡಬೇಕಾದರೆ ಒಂದು ಸ್ವತಂತ್ರ ಮುಸ್ಲಿಂ ರಾಜ್ಯ ಬೇಕು, ಅಥವಾ ರಾಜ್ಯಗಳು ಬೇಕು. ಬಹುವಚನ ಗಮನಿಸಿ. 1940ರ ಲಾಹೋರ್ ನಿರ್ಣಯದಲ್ಲೂ ‘ರಾಜ್ಯಗಳು’ ಅಂತಲೇ ಇತ್ತು. ಆ ಬಹುವಚನದ ಜಗಳ 1971ರಲ್ಲಿ ಬಾಂಗ್ಲಾದೇಶ ಹುಟ್ಟುವ ತನಕ ಎಳೆಯಿತು ಅಂದರೂ ತಪ್ಪಿಲ್ಲ.

ಅಂದರೆ ಇಲ್ಲಿ ವಾದ ಧರ್ಮದಿಂದ ಶುರುವಾಗಿ ರೊಟ್ಟಿಗೆ ಬರುತ್ತಿಲ್ಲ, ರೊಟ್ಟಿಯಿಂದ ಶುರುವಾಗಿ ಧರ್ಮಕ್ಕೆ ಹೋಗ್ತಿದೆ. ನೀವು ಒಪ್ಪಬಹುದು, ಬಿಡಬಹುದು. ನನಗಂತೂ ಈ ವಾದದಲ್ಲಿ ದೊಡ್ಡ ತೂತು ಕಾಣುತ್ತೆ. ಅದೇ ಪಂಜಾಬಿನಲ್ಲಿ ಬಡ ಮುಸ್ಲಿಂ ಗೇಣಿದಾರನ ಮೇಲೆ ಕೂತಿದ್ದ ಜಮೀನ್ದಾರ ಬಹಳ ಸಲ ಮುಸ್ಲಿಮನೇ ಆಗಿದ್ದ. ರಾಜ್ಯ ಬೇರೆಯಾದ ಮಾತ್ರಕ್ಕೆ ಅವನು ಜಮೀನು ಬಿಟ್ಟುಕೊಡ್ತಾನಾ?

ಹತ್ತು ವರ್ಷ ಮೊದಲು

ಮುಂದಿನ ಪತ್ರ 1937ರ ಜೂನ್ 21ರದ್ದು. ಪಾಕಿಸ್ತಾನದಲ್ಲೂ ನಮ್ಮಲ್ಲೂ ಹೆಚ್ಚು ಓಡಾಡುವ ಸಾಲುಗಳು ಇಲ್ಲಿಂದಲೇ ಬಂದವು. ಸಮುದಾಯ ದಾರಿ ಕೇಳಬಹುದಾದ ಒಬ್ಬನೇ ವ್ಯಕ್ತಿ ನೀವು ಅಂತ ಜಿನ್ನಾಗೆ ಬರೆದದ್ದು ಇದರಲ್ಲೇ. ಹಿಂದೂ ಮುಸ್ಲಿಂ ಗಲಭೆಗಳ ರೂಪದಲ್ಲಿ ಒಂದು ಅಂತರ್ಯುದ್ಧ ಆಗಲೇ ನಡೀತಿದೆ ಅಂತಾರೆ. ವಾಯವ್ಯದ ಮತ್ತು ಬಂಗಾಳದ ಮುಸ್ಲಿಮರನ್ನು ಸ್ವಯಂನಿರ್ಣಯದ ಹಕ್ಕಿರುವ ರಾಷ್ಟ್ರಗಳು ಅಂತ ಯಾಕೆ ಪರಿಗಣಿಸಬಾರದು ಅಂತ ಕೇಳ್ತಾರೆ. ಮುಸ್ಲಿಂ ಪ್ರಾಂತ್ಯಗಳ ಪ್ರತ್ಯೇಕ ಒಕ್ಕೂಟ ಆದರೆ ಮಾತ್ರ ಭಾರತದಲ್ಲಿ ಶಾಂತಿ ಇರುತ್ತೆ ಅನ್ನುವುದು ಅವರ ತೀರ್ಮಾನ.

ಮೂರು ವರ್ಷದ ಹಿಂದೆ ಭಾರತದ ಒಕ್ಕೂಟದ ಒಳಗೆ ಅಂದವರು ಈಗ ಪ್ರತ್ಯೇಕ ಒಕ್ಕೂಟ ಅಂತಿದ್ದಾರೆ. ನಡುವೆ ಒಂದು ಚುನಾವಣೆ ನಡೆದಿದೆ, ಗಲಭೆಗಳಾಗಿವೆ, ಕಾಂಗ್ರೆಸ್ ಹಲವು ಪ್ರಾಂತ್ಯಗಳಲ್ಲಿ ಸರ್ಕಾರ ಮಾಡುವ ಹೊಸ್ತಿಲಲ್ಲಿದೆ. ಇನ್ನೊಂದು ಕಡೆ ಇಕ್ಬಾಲರ ಆರೋಗ್ಯ ಕೆಡುತ್ತಿದೆ. ಗಂಟಲ ಕಾಯಿಲೆಯಿಂದ ದನಿ ಬಿದ್ದುಹೋಗಿತ್ತು, ಕಣ್ಣು ಮಂಜಾಗುತ್ತಿತ್ತು. ಸಭೆಗಳಲ್ಲಿ ಮಾತಾಡಲಾಗದ ಕವಿಗೆ ರಾಜಕೀಯ ಮಾಡೋಕೆ ಉಳಿದಿದ್ದ ಸಾಧನಗಳಲ್ಲಿ ಪತ್ರವೇ ದೊಡ್ಡದು.

ತನ್ನ ಯೋಜನೆಯೊಂದೇ ಪರಿಹಾರ, ಆದರೆ ಅದಕ್ಕೆ 25 ವರ್ಷ ಬೇಕಾಗುತ್ತೆ ಅಂತ ಲಾರ್ಡ್ ಲೋಥಿಯನ್ ತನಗೆ ಇಂಗ್ಲೆಂಡಿನಲ್ಲಿ ಹೇಳಿದ್ದನ್ನೂ ಇಕ್ಬಾಲ್ ಇದೇ ಪತ್ರದಲ್ಲಿ ನೆನೆಯುತ್ತಾರೆ. ಪತ್ರ ಬರೆದು ಹತ್ತು ವರ್ಷ ಎರಡು ತಿಂಗಳೊಳಗೆ ದೇಶ ಇಬ್ಭಾಗವಾಯಿತು.

ಇಷ್ಟು ಎಲ್ಲರೂ ಹೇಳ್ತಾರೆ. ನಾನು ನಿಲ್ಲುವುದು ಇದೇ ಪತ್ರದ ಇನ್ನೊಂದು ಮಾತಿನ ಹತ್ತಿರ. ವಾಯವ್ಯದ ಮತ್ತು ಬಂಗಾಳದ ಮುಸ್ಲಿಮರು ಸದ್ಯಕ್ಕೆ ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಪ್ರಾಂತ್ಯಗಳನ್ನು ಪಕ್ಕಕ್ಕಿಡಬೇಕು, ಇಬ್ಬರಿಗೂ ಅದೇ ಒಳ್ಳೆಯದು ಅಂತ ಇಕ್ಬಾಲ್ ಬರೀತಾರೆ. ಹಾಗಾಗಿ ಲೀಗಿನ ಅಧಿವೇಶನವನ್ನೂ ಅಂಥ ಪ್ರಾಂತ್ಯದಲ್ಲಿ ಮಾಡುವ ಬದಲು ಲಾಹೋರಿನಲ್ಲೇ ಮಾಡಿ ಅಂತ ಸಲಹೆ ಕೊಡ್ತಾರೆ.

ಯಾರು ಈ ಅಲ್ಪಸಂಖ್ಯಾತ ಪ್ರಾಂತ್ಯದವರು? ಲಕ್ನೋದವರು, ಪಟ್ನಾದವರು, ಮದ್ರಾಸಿನವರು. ಬಾಂಬೆ ಪ್ರಾಂತ್ಯದ ಭಾಗವಾಗಿದ್ದ ಬಿಜಾಪುರ, ಧಾರವಾಡ, ಬೆಳಗಾವಿಯವರು. ಆಗಷ್ಟೇ ಲೀಗಿಗೆ ವೋಟು ಹಾಕಿದವರಲ್ಲಿ ಈ ಬಾಂಬೆ ಪ್ರಾಂತ್ಯದವರೂ ಇದ್ದರು. ಮೈಸೂರಿನಂಥ ರಾಜರ ಸಂಸ್ಥಾನಗಳ ಮುಸ್ಲಿಮರಂತೂ ಈ ಲೆಕ್ಕದಲ್ಲೇ ಇಲ್ಲ.

ಇಕ್ಬಾಲರಿಗೆ ಈ ಕಡೆಯ ಪರಿಚಯ ಇರಲಿಲ್ಲ ಅನ್ನೋಹಾಗಿಲ್ಲ. 1929ರ ಜನವರಿಯಲ್ಲಿ ಮದ್ರಾಸಿನಲ್ಲಿ ಉಪನ್ಯಾಸ ಕೊಟ್ಟು, ಬೆಂಗಳೂರು, ಮೈಸೂರಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿ ನೋಡಿ ಹೋಗಿದ್ದರು. 1932ರಲ್ಲಿ ಬಂದ ಅವರ ಪರ್ಷಿಯನ್ ಕಾವ್ಯ ‘ಜಾವೇದ್‌ನಾಮಾ’ದಲ್ಲಿ ಟಿಪ್ಪು ಕಾವೇರಿ ನದಿಗೆ ಸಂದೇಶ ಕಳಿಸುವ ಭಾಗವೇ ಇದೆ. ಕಾವ್ಯದಲ್ಲಿ ಕಾವೇರಿಗೆ ಜಾಗ ಸಿಕ್ಕಿತು. ಐದು ವರ್ಷದ ನಂತರದ ರಾಜಕೀಯ ನಕಾಶೆಯಲ್ಲಿ ಕಾವೇರಿ ದಡದ ಮುಸ್ಲಿಮರಿಗೆ ಜಾಗ ಸಿಗಲಿಲ್ಲ.

ಜಿನ್ನಾ ಕೊಟ್ಟ ಉತ್ತರ

ಸರಿ, ಇದಕ್ಕೆಲ್ಲ ಜಿನ್ನಾ ಏನಂದರು? ಅವರ ಪತ್ರಗಳು ಸಿಕ್ಕಿಲ್ಲ. ಆ ದಿನಗಳಲ್ಲಿ ನನಗೆ ಸಿಬ್ಬಂದಿ ಇರಲಿಲ್ಲ, ಬರೆದದ್ದಕ್ಕೆ ನಕಲು ಇಟ್ಟುಕೊಂಡಿಲ್ಲ, ಲಾಹೋರಿನಲ್ಲಿ ಇಕ್ಬಾಲರ ಆಸ್ತಿಪಾಸ್ತಿ ನೋಡಿಕೊಳ್ಳುವವರನ್ನು ಕೇಳಿದರೆ ಅಲ್ಲೂ ಸಿಗಲಿಲ್ಲ ಅಂತ ಮುನ್ನುಡಿಯಲ್ಲಿ ಜಿನ್ನಾ ಹೇಳ್ತಾರೆ.

ಆದರೆ ರಾಜಕಾರಣಿಯ ಉತ್ತರವನ್ನು ಪತ್ರದಲ್ಲೇ ಹುಡುಕಬೇಕಾಗಿಲ್ಲ, ಆಮೇಲೆ ಮಾಡಿದ ಕೆಲಸ ನೋಡಿದರೂ ಆಯಿತು. ಇಕ್ಬಾಲ್ ಲಾಹೋರ್ ಅಂದರು, 1937ರ ಅಕ್ಟೋಬರ್‌ನಲ್ಲಿ ಲೀಗ್ ಅಧಿವೇಶನ ನಡೆದದ್ದು ಲಕ್ನೋದಲ್ಲಿ. ಅಲ್ಪಸಂಖ್ಯಾತ ಪ್ರಾಂತ್ಯಗಳನ್ನು ಬದಿಗಿಟ್ಟರೆ ಆಗ ಜಿನ್ನಾ ಕೈಯಲ್ಲಿ ಪಕ್ಷವೇ ಉಳಿಯುತ್ತಿರಲಿಲ್ಲ. ಸಾಮಾನ್ಯರ ಪಕ್ಷ ಮಾಡಿ ಅನ್ನುವ ಸಲಹೆ ಮಾತ್ರ ಲಕ್ನೋದಲ್ಲಿ ಕಾಣುತ್ತೆ. ಸದಸ್ಯತ್ವದ ಶುಲ್ಕವನ್ನು ಎರಡಾಣೆಗೆ ಇಳಿಸಿದರು, ಪೂರ್ಣ ಸ್ವಾತಂತ್ರ್ಯವೇ ಗುರಿ ಅಂತ ಘೋಷಿಸಿದರು.

ಅದೇ ಲಕ್ನೋದಲ್ಲಿ ಇನ್ನೊಂದು ಕೆಲಸ ಆಯಿತು. ಪಂಜಾಬಿನ ಪ್ರಧಾನಿ ಸಿಕಂದರ್ ಹಯಾತ್ ಖಾನ್ ಜೊತೆ ಜಿನ್ನಾ ಒಪ್ಪಂದ ಮಾಡಿಕೊಂಡರು. ಯೂನಿಯನಿಸ್ಟ್ ಪಕ್ಷದ ಮುಸ್ಲಿಂ ಶಾಸಕರು ಲೀಗ್ ಸೇರುವುದು, ಅಲ್ಲಿನ ಸಮ್ಮಿಶ್ರ ಸರ್ಕಾರ ಹಾಗೇ ಮುಂದುವರಿಯುವುದು. ಇಕ್ಬಾಲ್ ಒಂದೂವರೆ ವರ್ಷದಿಂದ ಯಾರ ವಿರುದ್ಧ ಪಕ್ಷ ಕಟ್ಟುತ್ತಿದ್ದರೋ ಅವರೇ ಈಗ ಪಕ್ಷದೊಳಗೆ ಬಂದು ಕೂತರು. ನವೆಂಬರ್ 10ರ ಪತ್ರದಲ್ಲಿ ಇಕ್ಬಾಲರ ಬೇಸರ ನೇರವಾಗಿಯೇ ಇದೆ: ಸಿಕಂದರ್‌ಗೆ ಬೇಕಾಗಿರೋದು ಪಂಜಾಬಿನಲ್ಲಿ ಲೀಗಿನ ಪೂರ್ತಿ ಹಿಡಿತ, ಅದಕ್ಕಿಂತ ಕಡಿಮೆ ಏನೂ ಅಲ್ಲ ಅಂತ.

ನನಗೆ ಈ ಗುಚ್ಛದಲ್ಲಿ ತುಂಬಾ ಮನುಷ್ಯಸಹಜ ಅನ್ನಿಸುವುದು ಇದೇ ಭಾಗ. ಮೇ ತಿಂಗಳಲ್ಲಿ ಬಡವರ ರೊಟ್ಟಿ ಬಗ್ಗೆ ಬರೆದ ಮನುಷ್ಯ ನವೆಂಬರಿನಲ್ಲಿ ನೋಡ್ತಿರೋದು ಜಮೀನ್ದಾರರು ಬಾಗಿಲಿನಿಂದ ಒಳಗೆ ಬರುವುದನ್ನು. ಜಿನ್ನಾಗೆ ಬೇಕಾಗಿದ್ದದ್ದು ಪಂಜಾಬಿನ ಸಂಖ್ಯೆ. ಆ ಸಂಖ್ಯೆ ಜಮೀನ್ದಾರರ ಹತ್ತಿರ ಇತ್ತು. ಎಷ್ಟೇ ದೊಡ್ಡ ಕವಿಯಾದರೂ ಇಕ್ಬಾಲರ ಹತ್ತಿರ ಇರಲಿಲ್ಲ.

1938ರ ಜನವರಿಯಲ್ಲಿ ಇಕ್ಬಾಲ್ ಹೇಳಿಕಳಿಸಿ, ನೆಹರೂ ಅವರ ಮನೆಗೆ ಹೋಗಿ ಭೇಟಿಯಾದರು. ಕೊನೆಗೆ ಹೊರಡುವಾಗ, ನಿಮಗೂ ಜಿನ್ನಾಗೂ ಎಲ್ಲಿಯ ಹೋಲಿಕೆ, ಅವರು ರಾಜಕಾರಣಿ, ನೀವು ದೇಶಭಕ್ತರು ಅನ್ನುವ ಅರ್ಥದ ಮಾತನ್ನು ಇಕ್ಬಾಲ್ ಹೇಳಿದರು ಅಂತ ನೆಹರೂ ‘ಡಿಸ್ಕವರಿ ಆಫ್ ಇಂಡಿಯಾ’ದಲ್ಲಿ ಬರೆದಿದ್ದಾರೆ. ಇದು ನೆಹರೂ ನೆನಪಿಟ್ಟುಕೊಂಡ ಮಾತು, ಹಾಗಾಗಿ ಇದನ್ನೂ ಒಂದು ಕಡೆಯ ದಾಖಲೆ ಅಂತಲೇ ಓದಬೇಕು. 1938ರ ಏಪ್ರಿಲ್ 21ರಂದು ಇಕ್ಬಾಲ್ ಲಾಹೋರಿನಲ್ಲಿ ತೀರಿಕೊಂಡರು.

ಮುನ್ನುಡಿಯ ಕೆಲಸ

1940ರ ಮಾರ್ಚ್‌ನಲ್ಲಿ ಲೀಗ್ ಕೊನೆಗೂ ಲಾಹೋರಿನಲ್ಲೇ ಸೇರಿ ತನ್ನ ಪ್ರಸಿದ್ಧ ನಿರ್ಣಯ ಮಾಡಿತು. ಇಕ್ಬಾಲರ ಪತ್ರಗಳು ಪುಸ್ತಕವಾದದ್ದು ಅದಾದ ಮೇಲೆ. ಎಚ್ಚರಿಕೆಯಿಂದ ಅಧ್ಯಯನ ಮಾಡಿದ ಮೇಲೆ ನಾನೂ ಕೊನೆಗೆ ಇದೇ ತೀರ್ಮಾನಕ್ಕೆ ಬಂದೆ, ಅದೇ ಲಾಹೋರ್ ನಿರ್ಣಯವಾಗಿ ಹೊರಬಂತು ಅಂತ ಜಿನ್ನಾ ಮುನ್ನುಡಿಯಲ್ಲಿ ಬರೆದರು.

ಈ ಒಂದು ಮುನ್ನುಡಿಯಿಂದ ಕಥೆ ನೇರವಾಗಿಬಿಟ್ಟಿತು: ಕವಿ ಕನಸು ಕಂಡ, ನಾಯಕ ನನಸು ಮಾಡಿದ. ನಡುವಿನ ಜಗಳ, ಸೋಲು, ಸಿಕಂದರ್ ಒಪ್ಪಂದದ ಬೇಸರ, 1934ರಲ್ಲಿ ಥಾಂಪ್ಸನ್‌ಗೆ ಬರೆದ ಮಾತು ಎಲ್ಲವೂ ಪಕ್ಕಕ್ಕೆ ಸರಿದವು. ಜಿನ್ನಾ ಸುಳ್ಳು ಹೇಳಿದರು ಅಂತ ನಾನು ಹೇಳ್ತಿಲ್ಲ. ಪತ್ರಗಳಲ್ಲಿ ಆ ಸಾಲುಗಳು ಇರೋದು ನಿಜ. ಆದರೆ ಹದಿನೆಂಟು ತಿಂಗಳು ತಡಕಾಡಿದ ಒಬ್ಬ ಕಾಯಿಲೆಯ ಮನುಷ್ಯನ ಯೋಚನೆ, ಗೆಲ್ಲುತ್ತಿದ್ದ ಪಕ್ಷದ ಕೈಗೆ ಬಂದಾಗ ಭವಿಷ್ಯವಾಣಿ ಆಯಿತು. 1945ರ ಕೊನೆಯ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸ್ಥಾನಗಳಲ್ಲಿ 30ನ್ನೂ ಲೀಗ್ ಗೆದ್ದಿತು. ಆ ಹೊತ್ತಿಗೆ ಪಕ್ಷಕ್ಕೆ ಭವಿಷ್ಯವಾಣಿಯ ಬೆಲೆ ಗೊತ್ತಿತ್ತು.

ಬೆಲೆ ಕೊಟ್ಟವರು ಬೇರೆಯವರು. ಒಂದು ಕೋಟಿಗೂ ಹೆಚ್ಚು ಹಿಂದೂ, ಸಿಖ್, ಮುಸ್ಲಿಂ ಜನ ಮನೆ ಬಿಟ್ಟು ಗಡಿ ದಾಟಿದರು, ಲಕ್ಷಾಂತರ ಮಂದಿ ಸತ್ತರು. ಜಿನ್ನಾ ಮತ್ತು ಇಕ್ಬಾಲ್ ಇಬ್ಬರೂ ಬಲ್ಲ ಪಂಜಾಬೇ ಹೆಚ್ಚು ರಕ್ತ ಕಂಡಿತು. ಪತ್ರದಲ್ಲಿ ಸದ್ಯಕ್ಕೆ ಪಕ್ಕಕ್ಕಿಡಿ ಅನ್ನಿಸಿಕೊಂಡವರು ಇಲ್ಲೇ ಉಳಿದರು. 1951ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು ಮೂರೂವರೆ ಕೋಟಿ ಮುಸ್ಲಿಮರಿದ್ದರು, ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲು. ಆ ಪತ್ರ ಬರೆಯುವಾಗ ಅವರನ್ನು ಯಾರೂ ಕೇಳಿರಲಿಲ್ಲ. 1937ರಲ್ಲಿ ವೋಟಿನ ಹಕ್ಕಿದ್ದದ್ದೇ ಹತ್ತರಲ್ಲಿ ಒಬ್ಬರಿಗೆ ಅನ್ನುವಷ್ಟು ಕಡಿಮೆ. ಆದರೂ ಆ ಪತ್ರಗಳ ಲೆಕ್ಕವನ್ನು ಇವತ್ತಿಗೂ ಕೇಳೋದು ಇವರ ಮೊಮ್ಮಕ್ಕಳನ್ನೇ. ಬಿಜಾಪುರದ ಹುಡುಗನೊಬ್ಬನಿಗೆ ಇಕ್ಬಾಲರ ಸಾಲು ತೋರಿಸಿ ‘ಇದಕ್ಕೇನಂತೀಯ’ ಅಂತ ಕೇಳುವವರಿಗೆ, ಅದೇ ಪತ್ರದಲ್ಲಿ ಅವನ ಅಜ್ಜನನ್ನು ಕೈಬಿಟ್ಟಿರುವ ಮಾತು ಇದೆ ಅನ್ನೋದು ಗೊತ್ತಿರೋದಿಲ್ಲ.

ಹಾಗಾಗಿ ನನ್ನ ಮನವಿ ಇಷ್ಟೇ. ಮುಂದಿನ ಸಲ ಇಕ್ಬಾಲ್, ಜಿನ್ನಾ, ನೆಹರೂ, ಗಾಂಧಿ, ಯಾರ ಪತ್ರದ ಒಂದು ಸಾಲು ನಿಮ್ಮ ಫೋನಿಗೆ ಬಂದರೂ ಮೂರು ಪ್ರಶ್ನೆ ಕೇಳಿ. ತಾರೀಕು ಯಾವುದು? ಇದಕ್ಕೆ ಉತ್ತರ ಎಲ್ಲಿದೆ? ಇದನ್ನು ಅಚ್ಚು ಹಾಕಿಸಿದ್ದು ಯಾರು, ಯಾವಾಗ? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಫಾರ್ವರ್ಡ್ ಬಟನ್ ಒತ್ತುವ ಮೊದಲು ಒಂದು ಕ್ಷಣ ತಡೀರಿ.